ಹಿತ್ತಾಳೆಯ ಮೇಲಿನ ಹಿಟ್ಟು

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಬೊರಿವಲಿ ಸ್ಟೇಷನ್ನಿನ ಎಸ್ಕಲೇಟರ್ ನಿಂತಿದ್ದರೆ ಸಾಕು, ಅದು ನಿಂತದ್ದು ಯಾರ ಗಮನಕ್ಕೆ ಬಂದಿದೆ, ಬಂದ ಮೇಲೂ ಸುಮ್ಮನಿರುವವರು ಯಾರು, ಅವರ ಮೇಲೆ ಕ್ರಮವೇನು ಎಂದು ಮೆಟ್ಟಿಲು ಹತ್ತುತ್ತಲೇ ಮೊಬೈಲಿನಲ್ಲಿ ಬರೆಯಲು ತೊಡಗುತ್ತೇನೆ. ಮೇಲೆ ತಲುಪುವಷ್ಟರಲ್ಲಿ ಲೇಖನದ ಅರ್ಧ ಮುಗಿದಿರುತ್ತದೆ, ಉಸಿರು ಪೂರ್ತಿ ಮುಗಿದಿರುತ್ತದೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೊರಗೆ ಬಂದದ್ದು ಲೇಖಕಿಯಾಗಿ. ಯಂತ್ರಗಳಿಗಿಂತ ಯಂತ್ರಗಳನ್ನು ನೋಡಿಕೊಳ್ಳಬೇಕಾದವರೇ ಹೆಚ್ಚು ಕೆಟ್ಟಿದ್ದಾರೆ ಎಂಬ ನನ್ನ ನಂಬಿಕೆ ಇಂದಿಗೂ ಸಡಿಲವಾಗಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೆ ಅಮ್ಮ ಮೊದಲು ಗ್ಯಾಸ್ ಆರಿಸುತ್ತಾಳೆ, ಆಮೇಲೆ ನನ್ನ ಕೋಣೆಯ ಬಾಗಿಲಿನ ಕಡೆ ನೋಡಿ, "ಈಗ ಇವಳು ಹೊಣೆ ಯಾರು ಅಂತ ಕೇಳ್ತಾಳೆ" ಎನ್ನುತ್ತಾಳೆ. ನಾನು ಕೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಈ ಗುಣಕ್ಕೆ ತಕ್ಕ ಎದುರಾಳಿ ಸಿಕ್ಕಿತು. ಅದು ಮುಷ್ಟಿಗಾತ್ರದ, ಹಿತ್ತಾಳೆಯ ಒಂದು ಕಾರ್ಬುರೇಟರ್.

ನನ್ನ ಸೋದರಮಾವನ ಹೋಟೆಲು ಸಯನ್‌ನ ಹಳೆಯ ಬಿಲ್ಡಿಂಗ್ ಒಂದರ ನೆಲಮಹಡಿಯಲ್ಲಿತ್ತು. ಉಡುಪಿಯ ಕಡೆಯಿಂದ ಬಂದ ಅಜ್ಜ ಆರಂಭಿಸಿದ ಹೋಟೆಲು ಅದು. ಅದರ ಅಡುಗೆಮನೆಯಲ್ಲಿ, ದೋಸೆ ಕಾವಲಿಯ ಭಟ್ಟಿಗೆ ಬಹುತೇಕ ಆತುಕೊಂಡಂತೆ, ಒಂದು ಪೆಟ್ರೋಲ್ ಎಂಜಿನ್ ಕುಳಿತಿತ್ತು. ಒಂದೇ ಸಿಲಿಂಡರು, ಎರಡು ಪಕ್ಕಕ್ಕೆ ಎರಡು ಭಾರೀ ಗಾಲಿ, ತಲೆಯ ಮೇಲೆ ತಂಪಿಗೆಂದು ನೀರಿನ ತೊಟ್ಟಿ. ಎಲ್ಲೋ ಮುಚ್ಚಿಹೋದ ಕಾರ್ಖಾನೆಯ ಗುಜರಿಯಿಂದ ಅಜ್ಜ ತಂದದ್ದು ಎನ್ನುತ್ತಾರೆ; ತಯಾರಕರ ಹೆಸರಿನ ಫಲಕವನ್ನು ನಮ್ಮವರು ಒರೆಸಿ ಒರೆಸಿಯೇ ಅಳಿಸಿಬಿಟ್ಟಿದ್ದರು. ಅದರ ಗಾಲಿಗೆ ಬೆಲ್ಟ್ ಹಾಕಿ, ಬೆಲ್ಟಿನಿಂದ ರುಬ್ಬುವ ಕಲ್ಲನ್ನು ತಿರುಗಿಸಿ, ಅಜ್ಜ ಇಡೀ ಸಯನ್‌ಗೆ ಇಡ್ಲಿ ತಿನ್ನಿಸಿದ್ದರಂತೆ. ವಿದ್ಯುತ್ತಿನ ಗ್ರೈಂಡರ್ ಬಂದ ಮೇಲೆ ಎಂಜಿನ್ನಿಗೆ ವರ್ಷಕ್ಕೊಂದೇ ಕೆಲಸ ಉಳಿಯಿತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಗೊಂಡೆಹೂವಿನ ಮಾಲೆ ಹಾಕಿ, ಒಂದು ಪಾತ್ರೆ ಉದ್ದು ರುಬ್ಬಿ ಮುಗಿಯುವವರೆಗೆ ಓಡಿಸುತ್ತಿದ್ದರು. ಪ್ರತಿ ವರ್ಷವೂ ಅದು ಒಂದು ಕೆಮ್ಮೂ ಇಲ್ಲದೆ ಓಡುತ್ತಿತ್ತು.

ಈಗ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುತ್ತಿತ್ತು. ಮಳೆಗಾಲ ಮುಗಿಯುವ ಮೊದಲು ಎಲ್ಲರೂ ಖಾಲಿ ಮಾಡಬೇಕು. ಮಾವ ದಹಿಸರ್‌ನಲ್ಲಿ ಒಂದು ಸಣ್ಣ ಅಂಗಡಿ ಹಿಡಿದಿದ್ದರು. ಅಲ್ಲಿ ಗ್ರೈಂಡರ್ ಇಟ್ಟರೆ ಮಾವ ನಿಲ್ಲಲು ಜಾಗವಿಲ್ಲ, ಮಾವ ನಿಂತರೆ ಗಿರಾಕಿಗೆ ಜಾಗವಿಲ್ಲ. ಎಂಜಿನ್ನಿಗೆ ಉಳಿದದ್ದು ಎರಡೇ ದಾರಿ. ಒಂದು, ಆಗಲೇ ಗಲ್ಲಿಯ ತುದಿಯಿಂದ ಕಣ್ಣು ಹಾಕಿದ್ದ, ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೈಗಾಡಿ. ಇನ್ನೊಂದು, ನಗರದ ಒಂದು ತಾಂತ್ರಿಕ ತರಬೇತಿ ಸಂಸ್ಥೆ. ಅವರಲ್ಲಿ ಹಳೆಯ ಎಂಜಿನ್‌ಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡು ವಿದ್ಯಾರ್ಥಿಗಳಿಗೆ ತೋರಿಸುವ ಒಂದು ಹಾಲ್ ಇತ್ತು. ಆ ಸಂಸ್ಥೆಗೆ ಬರೆದದ್ದು ನಾನೇ. ವಿನಂತಿ ಎಂದು ಆರಂಭವಾದ ಬರಹ ನನ್ನ ಕೈಯಲ್ಲಿ ಎಂದಿನಂತೆ ಆರೋಪಪಟ್ಟಿಯಾಗಿ ಮುಗಿಯಿತು. ದುಡಿದ ಯಂತ್ರಗಳನ್ನು ಗುಜರಿಗೆ ಹಾಕುವ ನಗರ ನಾಳೆ ದುಡಿದವರನ್ನು ಎಲ್ಲಿ ಹಾಕುತ್ತದೆ, ಇದಕ್ಕೆ ಉತ್ತರಿಸುವವರು ಯಾರು, ಇತ್ಯಾದಿ. ಆಸಕ್ತಿಯಿಂದಲೋ ಭಯದಿಂದಲೋ ಅವರು ಒಪ್ಪಿದರು. ಷರತ್ತು ಒಂದೇ: ತಮ್ಮ ಉಪನ್ಯಾಸಕರು ಬಂದು ನೋಡುತ್ತಾರೆ, ಅವರ ಕಣ್ಣೆದುರು ಎಂಜಿನ್ ನಿಲ್ಲದೆ ಓಡಬೇಕು. ಸತ್ತ ಕಬ್ಬಿಣ ಅವರಲ್ಲಿ ಬೇಕಾದಷ್ಟಿದೆಯಂತೆ.

"ಎಷ್ಟು ಹೊತ್ತು ಓಡಬೇಕಂತೆ?" ಎಂದು ಮಾವ ಕೇಳಿದರು.

"ಅದನ್ನು ಹೇಳಿಲ್ಲ."

"ಒಂದು ಪಾತ್ರೆ ಉದ್ದು ಮುಗಿಯುವವರೆಗೆ ಅಂತ ಹೇಳು. ಅದು ಅದರ ಲೆಕ್ಕ." ಸ್ವಲ್ಪ ತಡೆದು, ಎಂಜಿನ್ನಿನ ಗಾಲಿಯ ಮೇಲೆ ಕೈಯಿಟ್ಟು ಮತ್ತೆ ಹೇಳಿದರು: "ಅಪ್ಪನ ಎಂಜಿನ್ ಭಂಗಾರ್‌ನವನ ಗಾಡಿಯಲ್ಲಿ ಹೋಗುದನ್ನು ನಂಗೆ ನೋಡ್ಲಿಕ್ಕೆ ಆಗುದಿಲ್ಲ. ಅಷ್ಟು ಮಾಡಿ ಕೊಡು ನೀನು."

ಅಷ್ಟು ಮಾಡಿಕೊಡಲು ನಾನು ಮರುದಿನವೇ ದಾದರ್‌ನಲ್ಲಿ ಗಾಡಿ ಬದಲಿಸಿ ಸಯನ್ ತಲುಪಿದೆ. ತಯಾರಿಯ ಪರಿಶೀಲನೆ ಎಂದು ಅದಕ್ಕೆ ನಾನೇ ಹೆಸರಿಟ್ಟಿದ್ದೆ. ಅಡುಗೆಮನೆಗೆ ಕಾಲಿಟ್ಟದ್ದೇ ನನ್ನ ಕಣ್ಣಿಗೆ ಬಿದ್ದದ್ದು, ಬಾಲ್ಯದಿಂದ ನೋಡುತ್ತಿದ್ದರೂ ಎಂದೂ ಕಾಣದ ಒಂದು ದೃಶ್ಯ: ಎಂಜಿನ್ನಿನ ಪೆಟ್ರೋಲ್ ಟ್ಯಾಂಕು, ಅದರಿಂದ ಒಂದು ಮೊಳದಾಚೆ ಭಗಭಗ ಉರಿಯುವ ಭಟ್ಟಿ.

"ಮಾವ, ಇದು ಪೆಟ್ರೋಲ್!"

"ಹೌದು. ಎಳನೀರು ಹಾಕಿದ್ರೆ ಅದು ಓಡುದಿಲ್ಲ."

"ಪಕ್ಕದಲ್ಲೇ ಬೆಂಕಿ!"

"ನಿನ್ನ ಅಜ್ಜನ ಕಾಲದಿಂದ ಹಾಗೇ ಉಂಟು. ಬೇರೆ ಜಾಗ ಎಲ್ಲುಂಟು ಮಾರಾಯ್ತಿ ಇಲ್ಲಿ?"

"ಇಷ್ಟು ವರ್ಷ ಏನೂ ಆಗಲಿಲ್ಲ ಎಂಬುದು ಸುರಕ್ಷತೆಯಲ್ಲ ಮಾವ, ಅದೃಷ್ಟ. ನಾಳೆ ಅನಾಹುತವಾದರೆ ಅದಕ್ಕೆ ಉತ್ತರಿಸುವವರು ಯಾರು? ನೀವಾ? ಭಟ್ಟರಾ? ಬಿಲ್ಡಿಂಗಿನವರಾ?"

ಕಾವಲಿಯ ಮುಂದಿದ್ದ ದೋಸೆ ಭಟ್ಟರು ಸೌಟು ಎತ್ತಿ ಹಿಡಿದು ನಿಂತರು. ಮಾವ ಅವರ ಕಡೆ ತಿರುಗಿ, "ಇವಳು ಬಾಯಿ ತೆಗೆದ್ರೆ ಮನೆಗೆ ಪೇಪರ್ ಹಾಕುದೇ ಬೇಡ ಮಾರಾಯ್ರೆ" ಎಂದರು. ಆದರೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ನನ್ನ ದುರದೃಷ್ಟವೆಂದರೆ ನಾನು ಹೇಳುವುದರಲ್ಲಿ ತಪ್ಪಿರುವುದು ಬಹಳ ಕಡಿಮೆ.

ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಡುಗೆಯವರೆಲ್ಲ ಸೇರಿ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸುತ್ತ, ಎಂಜಿನ್ನನ್ನೂ ಕಲ್ಲನ್ನೂ ಹಿಂದಿನ ಪ್ಯಾಸೇಜಿಗೆ ಸಾಗಿಸಿದರು. ಅದು ಪಾತ್ರೆ ತೊಳೆಯುವ ಜಾಗ. ಮೇಲೆ ನೀಲಿ ತಾಡಪತ್ರಿ, ತಾಡಪತ್ರಿಯಿಂದ ಸೋರುವ ಮಳೆ, ಕೆಳಗೆ ಸದಾ ಒದ್ದೆಯಾದ ಕಲ್ಲುಹಾಸು. ಗೋಡೆಯ ಮೇಲೆ ನಾನು ಸ್ವತಃ 'ಬೆಂಕಿ ತರಬಾರದು' ಎಂದು ಕನ್ನಡ, ಹಿಂದಿ, ಮರಾಠಿಗಳಲ್ಲಿ ಬರೆದು ಅಂಟಿಸಿದೆ. ಆ ತೇವದಲ್ಲಿ ಬೆಂಕಿ ತಂದರೂ ಅದು ಬದುಕುತ್ತಿರಲಿಲ್ಲ ಎಂಬುದು ಬೇರೆ ಮಾತು. ಬೊರಿವಲಿಗೆ ಹಿಂದಿರುಗುವಾಗ ಲೋಕಲ್‌ನಲ್ಲಿ ಕಿಟಕಿ ಸೀಟು ಕೂಡ ಸಿಕ್ಕಿತು. ಕರ್ತವ್ಯ ನಿರ್ವಹಿಸಿದವರಿಗೆ ಸಲ್ಲಬೇಕಾದ ಗೌರವ ಎಂದುಕೊಂಡೆ.

ಮುಂದಿನ ಭಾನುವಾರ ತಾಲೀಮು. ಪೆಟ್ರೋಲ್ ಹಾಕಿ ಗಾಲಿ ತಿರುವಿದೊಡನೆ ಎಂಜಿನ್ ಎದ್ದಿತು. ಬೆಲ್ಟ್ ಬಿಗಿಯಾಯಿತು, ಕಲ್ಲು ತಿರುಗಿತು, ಮಾವ ನೆನೆಸಿದ ಉದ್ದನ್ನು ಕೈಯಿಂದ ಸುರಿದರು. ಎಲ್ಲರ ಮುಖದಲ್ಲೂ ಆಯುಧಪೂಜೆಯ ಕಳೆ. ಉದ್ದು ಅರ್ಧ ನುಣ್ಣಗಾಗುವ ಹೊತ್ತಿಗೆ ಸದ್ದು ತೆಳ್ಳಗಾಯಿತು, ಎರಡು ಸಲ ಬಿಕ್ಕಿತು, ನಿಂತಿತು. ಚಹಾ ಕುಡಿದು ಬಂದು ಮತ್ತೆ ತಿರುವಿದರೆ, ಏನೂ ನಡೆದೇ ಇಲ್ಲವೆಂಬಂತೆ ಎದ್ದಿತು. ಮತ್ತೆ ಅಷ್ಟೇ ಹೊತ್ತಿಗೆ ನಿಂತಿತು. ದಿನವಿಡೀ ಇದೇ ಆಟ. ನಿಂತಾಗಲೆಲ್ಲ ಮಾವ ಹೆಗಲ ಬೈರಾಸು ತೆಗೆದು ಅದರ ಮೈ ಒರೆಸುತ್ತಿದ್ದರು. ಕಾರ್ಬುರೇಟರಿನ ಕತ್ತಿನ ಸುತ್ತ ತೆಳ್ಳಗೆ ಬಿಳಿಯದೇನೋ ಕೂತಿರುತ್ತಿತ್ತು.

"ಹಿಟ್ಟು. ಎಲ್ಲಿಟ್ಟರೂ ಬಂದು ಕೂರ್ತದೆ" ಎನ್ನುತ್ತ ಅದನ್ನೂ ಒರೆಸುತ್ತಿದ್ದರು. ನಾವು ಯಾರೂ ಅದರ ಬಗ್ಗೆ ಎರಡನೆಯ ಸಲ ಯೋಚಿಸಲಿಲ್ಲ. ಹೋಟೆಲಿನವರ ಮನೆಯಲ್ಲಿ ಬಿಳಿಯದೆಲ್ಲ ಹಿಟ್ಟೇ. ಫೋನಿನ ಮೇಲೆ, ದೇವರ ಪಟದ ಮೇಲೆ, ಮಾವನ ಹುಬ್ಬಿನ ಮೇಲೆ. ಕಾರ್ಬುರೇಟರು ಬೆವರಿ ತೊಟ್ಟಿಕ್ಕುತ್ತಲೂ ಇತ್ತು. ಅದೂ ಯಾರಿಗೂ ವಿಚಿತ್ರವೆನ್ನಿಸಲಿಲ್ಲ. ಜುಲೈ ತಿಂಗಳ ಮುಂಬೈಯಲ್ಲಿ ಬೆವರದ ವಸ್ತು ಯಾವುದು?

ಮಾವ ದಹಿಸರ್‌ನಿಂದ ತಮ್ಮ ಹಳೆಯ ಸ್ನೇಹಿತನನ್ನು ಕರೆಸಿದರು. ವಿಜಯಪುರದ ಕಡೆಯ ಸಾಹೇಬರು. ದಹಿಸರ್‌ನಲ್ಲಿ ಅವರದು ಸ್ಕೂಟರ್ ಗ್ಯಾರೇಜು. ಮಾವನಿಗೂ ಅವರಿಗೂ ಇದ್ದ ಸ್ನೇಹ ಒಬ್ಬರನ್ನೊಬ್ಬರು ಹಳಿಯುವುದರಲ್ಲೇ ಬೆಳೆದದ್ದು. ಸಾಹೇಬರಿಗೆ ಪ್ರತಿಯೊಂದು ತೊಂದರೆಗೂ ಒಂದು ಸಿದ್ಧ ಕಾರಣವಿರುತ್ತಿತ್ತು. ಅದು ಸುಳ್ಳಾದರೆ ಇನ್ನೊಂದು. ಆತ್ಮವಿಶ್ವಾಸ ಮಾತ್ರ ಎರಡಕ್ಕೂ ಒಂದೇ.

"ಅಣ್ಣಾರ, ನಿಮ್ಮ ಹೋಟೆಲ್ನಾಗ ಗಿರಾಕಿಗಿಂತ ಹಿಟ್ಟು ಜಾಸ್ತಿ ಐತ್ರಿ. ಅದೇ ಒಳಗ ಹೊಕ್ಕು ಕುಂತೈತಿ."

"ನಿಮ್ಮ ಗ್ಯಾರೇಜಲ್ಲಿ ಗಾಡಿಗಿಂತ ಮಾತು ಜಾಸ್ತಿ ಸಾಹೇಬ್ರೆ. ಬಿಚ್ಚಿ ನೋಡಿ ಮೊದ್ಲು."

ಬಿಚ್ಚಿ ನೋಡಿದರೆ ಒಳಗೆ ಹಿಟ್ಟಿನ ಸುಳಿವೂ ಇಲ್ಲ. ನಾಲ್ಕು ಹನಿ ನೀರು ಮಾತ್ರ. ಸಾಹೇಬರು ಕ್ಷಣವೂ ತಡೆಯಲಿಲ್ಲ. "ನೋಡ್ರಿ, ನಾ ಮೊದ್ಲೇ ಹೇಳಿದ್ನಿಲ್ಲೋ! ಪಂಪಿನ್ಯಾಂವ ಪೆಟ್ರೋಲ್‌ದಾಗ ನೀರು ಕೂಡ್ಸ್ಯಾನ."

ಅವರು ಹಿಟ್ಟು ಎಂದು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ ಎಂಬುದನ್ನು ನಾನು ಎತ್ತಿ ತೋರಿಸಲಿಲ್ಲ. ಏಕೆಂದರೆ 'ಪೆಟ್ರೋಲ್' ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನೊಳಗಿನ ಲೇಖಕಿ ಎದ್ದು ಕುಳಿತಿದ್ದಳು. ಈಗ ಪಂಪಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲ್. ದ್ರವ ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವುದಿಲ್ಲ. ಅದು ಮೊದಲು ಆವಿಯಾಗಿ ಗಾಳಿಯೊಂದಿಗೆ ಬೆರೆಯಬೇಕು. ಆವಿಯಾಗಲು ಶಾಖ ಬೇಕು. ಎಥನಾಲ್‌ಗೆ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖ ಬೇಕು. ಮೊದಮೊದಲ ಕಾಲದ ಇಂಥ ಕಾರ್ಬುರೇಟರುಗಳು, ಒಂದು ಕೊಳವೆಯ ಕತ್ತು ಕಿರಿದುಮಾಡಿ ಅಲ್ಲಿ ಪೆಟ್ರೋಲ್ ಚಿಮ್ಮಿಸುವ ಸರಳ ಸಾಧನಗಳು, ಈ ಹೊಸ ಮಿಶ್ರಣವನ್ನು ಕನಸಿನಲ್ಲೂ ಕಂಡವಲ್ಲ. ಹಾಗಿದ್ದ ಮೇಲೆ ಹಳೆಯ ಎಂಜಿನ್ ಇಟ್ಟುಕೊಂಡವರನ್ನು ಕೇಳಿದವರು ಯಾರು? ಎಚ್ಚರಿಸಿದವರು ಯಾರು? ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕುಳಿತು, ತಾಡಪತ್ರಿಯ ಹನಿ ತಲೆಗೆ ಬೀಳುತ್ತಿದ್ದಂತೆಯೇ, ನಾನು ಒಂದು ಬೆಂಕಿಯಂಥ ಲೇಖನ ಬರೆದು ಜಾಲತಾಣವೊಂದಕ್ಕೆ ಕಳಿಸಿದೆ. ಅದಕ್ಕೆ ಒಳ್ಳೆಯ ಪ್ರತಿಕ್ರಿಯೆ ಬಂತು. ಎಂಜಿನ್ ಮಾತ್ರ ಅದನ್ನು ಓದಲಿಲ್ಲ.

ಆ ಲೇಖನದಲ್ಲಿ ನಾನು ಬರೆದದ್ದು ನಿಜ. ಇಂದಿಗೂ ಅದರ ಒಂದಕ್ಷರವನ್ನೂ ಹಿಂತೆಗೆದುಕೊಂಡಿಲ್ಲ. ಆದರೆ ಆವಿಯಾಗಲು ಹೆಚ್ಚು ಶಾಖ ಬೇಕು ಎಂದು ನನ್ನ ಕೈಯಾರೆ ಬರೆದ ಮೇಲೆ, ಆ ಶಾಖವನ್ನು ಬಡಪಾಯಿ ಕಾರ್ಬುರೇಟರು ಎಲ್ಲಿಂದ ತರಬೇಕು ಎಂದು ಕೇಳುವುದು ನನಗೆ ಹೊಳೆಯಲಿಲ್ಲ. ಲೋಕದ ಎಲ್ಲರ ವಾಕ್ಯಗಳನ್ನು ಅಡ್ಡಪ್ರಶ್ನೆಗೆ ಒಡ್ಡುವವಳು ನನ್ನ ವಾಕ್ಯಕ್ಕೆ ಮಾತ್ರ ಚಪ್ಪಾಳೆ ತಟ್ಟಿ ಕಳಿಸಿಬಿಟ್ಟೆ.

ದಿನಗಳು ಕಳೆದವು. ಸಾಹೇಬರು ಪ್ಲಗ್ ಬದಲಿಸಿದರು, ಟ್ಯಾಂಕು ತೊಳೆದರು, ಬೇರೆ ಪಂಪಿನಿಂದ ಪೆಟ್ರೋಲ್ ತರಿಸಿದರು. ಮಾವ ಗಣಪತಿಗೆ ಕಾಯಿ ಹೇಳಿಕೊಂಡರು. ಎಂಜಿನ್ ಮಾತ್ರ ಅರ್ಧ ಪಾತ್ರೆ ಉದ್ದಿಗಿಂತ ಮುಂದೆ ಹೋಗಲಿಲ್ಲ. ಒಂದು ಸಂಜೆ ಭಂಗಾರ್‌ವಾಲಾ ತಾನಾಗಿ ಪ್ಯಾಸೇಜಿನೊಳಗೆ ಬಂದು, ಗಾಲಿಯನ್ನು ಬೆರಳಿನ ಗೆಣ್ಣಿನಿಂದ ಟಣ್ ಎನ್ನಿಸಿ, "ಲೋಹಾ ಅಚ್ಛಾ ಹೈ ಸೇಟ್" ಎಂದು ಕಬ್ಬಿಣವನ್ನು ಹೊಗಳಿದ. ಮಾವ ಅವನಿಗೆ ಚಹಾ ಕೊಡಿಸಿದರು; ಯಾರು ಬಂದರೂ ಕೊಡಿಸುತ್ತಾರೆ. ಆದರೆ ಅವನು ಹೋದ ಮೇಲೆ, ಅವನ ಗೆಣ್ಣು ತಾಗಿದ ಜಾಗವನ್ನು ಬೈರಾಸಿನಿಂದ ಒರೆಸುತ್ತ ಬಹಳ ಹೊತ್ತು ನಿಂತಿದ್ದರು.

ಉಪನ್ಯಾಸಕರು ಬಂದ ಬೆಳಿಗ್ಗೆ ಮಳೆ ಹಗ್ಗದಂತೆ ಸುರಿಯುತ್ತಿತ್ತು. ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ಮುಂಬೈಯಲ್ಲೇ ಹುಟ್ಟಿ ಬೆಳೆದವರು, ತಾಯಿ ಮಂಗಳೂರಿನವರು. ನೆನೆದ ಪ್ಯಾಂಟು ಮಡಿಚಿಕೊಂಡು, ಮಾವನಿಗೆ ಕೈಮುಗಿದು, "ಅಂಕಲ್, ನನ್ನ ಕನ್ನಡ ಥೋಡಾ ಕಚ್ಚಾ ಇದೆ. ಅರ್ಥ ಎಲ್ಲಾ ಆಗ್ತದೆ" ಎಂದರು.

"ಎಂಜಿನ್ನಿನ ಭಾಷೆ ಅರ್ಥ ಆದ್ರೆ ಸಾಕು" ಎಂದು ಮಾವ ಅವರ ಕೈಗೆ ಕಾಫಿ ಕೊಟ್ಟರು.

ಉದ್ದು ಸುರಿದರು. ಎಂಜಿನ್ ಎದ್ದಿತು. ಅಡುಗೆಯವರು ಬಾಗಿಲಿನಲ್ಲಿ ಗುಂಪುಗೂಡಿದರು. ಹಿಟ್ಟು ನೊರೆಗಟ್ಟಲು ತೊಡಗಿತು. ಸದ್ದು ತೆಳ್ಳಗಾಯಿತು. ಬಿಕ್ಕಿತು. ನಿಂತಿತು. ತಾಡಪತ್ರಿಯ ಮೇಲಿನ ಮಳೆಯ ಸದ್ದೊಂದೇ ಉಳಿಯಿತು.

ಮೌನವನ್ನು ಸಹಿಸುವುದು ನನ್ನ ಸ್ವಭಾವದಲ್ಲಿಲ್ಲ. ನಾನು ಎಥನಾಲ್ ಕುರಿತು ಮಾತನಾಡಲು ತೊಡಗಿದೆ. ನೀತಿ ರೂಪಿಸುವವರ ಉದಾಸೀನ, ಬಳಕೆದಾರರ ಹಕ್ಕು, ಹಳೆಯ ಯಂತ್ರಗಳ ಘನತೆ, ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಉಪನ್ಯಾಸಕರು ತಲೆದೂಗುತ್ತ, ಮೆಲ್ಲಗೆ ತಮ್ಮ ಚೀಲದ ಜಿಪ್ ಎಳೆದುಕೊಂಡರು. ಹೊರಡುವವರು ಎಳೆಯುವ ರೀತಿಯ ಎಳೆತ ಅದು.

ಮಾವ ನನ್ನನ್ನೂ ಕೇಳುತ್ತಿರಲಿಲ್ಲ, ಅವರನ್ನೂ ನೋಡುತ್ತಿರಲಿಲ್ಲ. ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅಂದು ಬೈರಾಸು ತೆಗೆಯುವ ಉತ್ಸಾಹವೂ ಅವರಿಗಿರಲಿಲ್ಲವೇನೋ, ಬರಿಯ ಬೆರಳಿನಿಂದಲೇ ಹಿತ್ತಾಳೆಯ ಮೇಲಿನ ಬಿಳಿಯನ್ನು ತೆಗೆದರು. ಬೆರಳಿಗೆ ಹಿಟ್ಟು ತಾಗಿದರೆ ಅದು ಅಕ್ಕಿಯದೋ ಉದ್ದಿನದೋ ಎಂದು ನಾಲಿಗೆಗೆ ಇಟ್ಟು ನೋಡುವುದು ಅವರಿಗೆ ಉಸಿರಾಟದಷ್ಟು ರೂಢಿ. ಇಟ್ಟರು. ಮುಖ ಕಿವುಚಿದರು. ಥೂ ಎಂದು ಉಗಿದರು. ಆಮೇಲೆ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದರು.

"ಇದು ಹಿಟ್ಟಲ್ಲ ಮಾರಾಯ್ತಿ."

"ಮಾವ, ನಾನು ಮಾತಾಡ್ತಿದ್ದೇನೆ."

"ನೀನು ಯಾವಾಗ್ಲೂ ಮಾತಾಡುದೇ. ಇದು ಐಸು."

ಸಾಹೇಬರು ನಕ್ಕೇಬಿಟ್ಟರು. "ಅಣ್ಣಾರ, ಪೆಟ್ರೋಲ್ ನೆಕ್ಕಿ ನಶಾ ಏರೈತೇನ್ರಿ? ಮುಂಬೈದಾಗ ಐಸು! ಕುಲ್ಫಿ ಅಂಗಡಿ ಹಾಕ್ರಿ ಹಂಗಾರ."

ನಾನು ಬಗ್ಗಿ ಕಾರ್ಬುರೇಟರಿನ ಕತ್ತನ್ನು ಅಂಗೈಯಲ್ಲಿ ಹಿಡಿದೆ. ಕೈ ಮರಗಟ್ಟುವಷ್ಟು ತಣ್ಣಗಿತ್ತು. ನಾನು ಹಿಡಿದಿದ್ದಂತೆಯೇ ಆ ಬಿಳಿ ಕರಗಿ, ನಾಲ್ಕು ಹನಿ ನೀರಾಗಿ ಮಣಿಕಟ್ಟಿಗೆ ಇಳಿಯಿತು. ಸಾಹೇಬರು ಬಿಚ್ಚಿದಾಗಲೆಲ್ಲ ಒಳಗೆ ಕಂಡ ನಾಲ್ಕು ಹನಿ.

ಕೈಗೆ ಸ್ಯಾನಿಟೈಸರ್ ಹಚ್ಚಿದರೆ ತಣ್ಣಗಾಗುತ್ತದಲ್ಲ, ಅದೇ ಇದು. ಆವಿಯಾಗುವ ಪ್ರತಿ ಹನಿಯೂ ಪಕ್ಕದಲ್ಲಿದ್ದ ಶಾಖವನ್ನು ಕಸಿದುಕೊಂಡು ಹೋಗುತ್ತದೆ. ಪೆಟ್ರೋಲ್ ಸ್ವಲ್ಪ ಕಸಿಯುತ್ತದೆ, ಎಥನಾಲ್ ದರೋಡೆಯನ್ನೇ ಮಾಡುತ್ತದೆ. ಕತ್ತಿನ ಹಿತ್ತಾಳೆ ತಣ್ಣಗಾಗಿ ತಣ್ಣಗಾಗಿ, ಒಳಗೆ ಹೋಗುವ ಗಾಳಿಯಲ್ಲಿದ್ದ ತೇವ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ಆ ತೇವವೋ, ಜುಲೈ ತಿಂಗಳ ಸಯನ್‌ನಲ್ಲಿ, ಪಾತ್ರೆ ತೊಳೆಯುವ ಪ್ಯಾಸೇಜಿನಲ್ಲಿ, ಧಾರಾಳ. ಎಂಜಿನ್ ನಿಂತರೆ ಅದರದೇ ಮೈಯ ಬಿಸಿಗೆ ಮಂಜು ಕರಗುತ್ತಿತ್ತು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಸಾಕ್ಷ್ಯವೇ ಇರುತ್ತಿರಲಿಲ್ಲ. ಹೊರಗೆ ಉಳಿದ ಅಷ್ಟಿಷ್ಟನ್ನು ಮಾವ ಒರೆಸಿ ಶುಚಿಗೊಳಿಸುತ್ತಿದ್ದರು.

ಇದನ್ನೆಲ್ಲ ನಾನು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಉಪನ್ಯಾಸಕರ ಕಣ್ಣು ಬೆಳಗಿತು. ಚೀಲವನ್ನು ಮತ್ತೆ ಕೆಳಗಿಟ್ಟರು.

"ಆದ್ರೆ ಪೆಹಲೆ ಓಡ್ತಿತ್ತು ಅಂದ್ರಿ? ಲಾಸ್ಟ್ ಇಯರ್ ಭೀ ಇದೇ ಪೆಟ್ರೋಲ್ ಅಲ್ವಾ?" ಎಂದು ಅವರು ಕೇಳಿದರು. "ಆವಾಗ ಎಂಜಿನ್ ಎಲ್ಲಿತ್ತು ಅಂಕಲ್?"

ಮಾವ ಬಾಗಿಲಿನಾಚೆ ಕೈ ತೋರಿಸಿದರು. ಬಾಗಿಲಲ್ಲಿ ನಿಂತಿದ್ದವರು ಸರಿದು ದಾರಿ ಬಿಟ್ಟರು. ಅ‍ಲ್ಲಿ ಭಟ್ಟಿ ಉರಿಯುತ್ತಿತ್ತು. ಕಾವಲಿಯ ಮೇಲಿನ ಗಾಳಿ ಬಿಸಿಗೆ ಕುಣಿಯುತ್ತಿತ್ತು. ಆ ಒಣ ಬಿಸಿಗಾಳಿಯನ್ನು ಇಷ್ಟು ವರ್ಷ ಉಸಿರಾಡಿದ ಎಂಜಿನ್‌ಗೆ ಚಳಿ ಎಂದರೇನೆಂದೇ ಗೊತ್ತಿರಲಿಲ್ಲ. ಅಜ್ಜ ತಿಳಿದು ಅಲ್ಲಿಟ್ಟರೋ, ಜಾಗವಿಲ್ಲದೆ ಇಟ್ಟರೋ, ಈಗ ಹೇಳುವವರಿಲ್ಲ.

"ಓ! ಪರ್ಫೆಕ್ಟ್ ಜಾಗ. ಅಲ್ಲಿಂದ ಯಾರು ಶಿಫ್ಟ್ ಮಾಡಿದ್ದು?"

ದೋಸೆ ಭಟ್ಟರು ಬಹಳ ಆಸಕ್ತಿಯಿಂದ ಸೌಟನ್ನು ನೋಡಿಕೊಂಡರು. ಮಾವ ತಾಡಪತ್ರಿ ನೋಡಿದರು. ಗೋಡೆಯ ಮೇಲೆ ಮೂರು ಭಾಷೆಗಳಲ್ಲಿ ನನ್ನ ಕೈಬರಹ ಎಲ್ಲರನ್ನೂ ನೋಡುತ್ತಿತ್ತು. ಕೊನೆಗೆ ಸಾಹೇಬರೇ ಗಂಟಲು ಸರಿಪಡಿಸಿಕೊಂಡು, ತುಂಬ ವಿನಯದಿಂದ, "ಅಕ್ಕಾರ, ಯಾವಾಗ್ಲೂ ನೀವೇ ಕೇಳ್ತೀರಿ. ಈಗೂ ನೀವೇ ಕೇಳ್ರಿ. ಹೊಣೆ ಯಾರು?" ಎಂದರು.

"ನಾನು" ಎಂದೆ. ನನ್ನ ಬರವಣಿಗೆಯ ಬದುಕಿನಲ್ಲೇ ಅಷ್ಟು ಚಿಕ್ಕ ಉತ್ತರವನ್ನು ನಾನು ಯಾರಿಂದಲೂ ಪಡೆದಿರಲಿಲ್ಲ.

ಪ್ಯಾಸೇಜಿನಲ್ಲಿ ಎದ್ದ ನಗುವಿಗೆ ಪಕ್ಕದ ಬಿಲ್ಡಿಂಗಿನ ಕಿಟಕಿಗಳು ತೆರೆದುಕೊಂಡವು. ಮಾವನೂ ನಕ್ಕರು, ಎಷ್ಟೋ ದಿನಗಳ ಮೇಲೆ. ನಗುತ್ತಲೇ, "ಆಯ್ತು, ವಾಪಸ್ ಒಲೆ ಹತ್ರ ಇಡುವ. ಹಿಡೀರಿ ಮಾರಾಯ್ರೆ" ಎಂದು ಎದ್ದರು.

"ಬೇಡ!" ನನ್ನ ಬಾಯಿ ನನ್ನನ್ನು ಕೇಳದೆ ಕೂಗಿತು. "ಈಗಲೂ ಅದು ಪೆಟ್ರೋಲ್. ಈಗಲೂ ಅಲ್ಲಿ ಬೆಂಕಿ. ಎಂಜಿನ್ ನಿಲ್ಲಿಸಿದವಳು ನಾನು, ಒಪ್ಪಿದೆ. ಆದರೆ ನಾನು ಹೇಳಿದ್ದು ತಪ್ಪಲ್ಲ."

"ಸೋತರೂ ಮೂಗು ಮೇಲೇ" ಎಂದರು ಮಾವ. ಆದರೆ ಉಪನ್ಯಾಸಕರು ನನ್ನ ಪರ ವಹಿಸಿದರು. ತಮ್ಮ ಹಾಲ್‌ನಲ್ಲಿ ಭಟ್ಟಿ ಹಚ್ಚಲಾಗುವುದಿಲ್ಲ, ಬೆಂಕಿಯಿಲ್ಲದೆ ಬಿಸಿಗಾಳಿ ಕೊಡುವ ದಾರಿ ಬೇಕು ಎಂದರು. ಆಗ ನನಗೆ ನನ್ನದೇ ಉತ್ತರಪತ್ರಿಕೆ ನೆನಪಾಯಿತು. ಆರಂಭದ ಕಾಲದ ಎಂಜಿನ್ನುಗಳಲ್ಲಿ ಇಂಧನ ಸರಿಯಾಗಿ ಆವಿಯಾಗಲೆಂದು, ಒಳಗೆ ಹೋಗುವ ಗಾಳಿಯನ್ನು ಸೈಲೆನ್ಸರಿನ ಬಿಸಿ ಕೊಳವೆಯ ಸುತ್ತ ಸುತ್ತಿಸಿ ತರುತ್ತಿದ್ದರು. ಅದರ ಚಿತ್ರವನ್ನು ಪೆನ್ಸಿಲ್ಲಿನ ನೆರಳು ಸಹಿತ ಅಂದವಾಗಿ ಬರೆದು, ಅಂಕ ಪಡೆದು, ಪರೀಕ್ಷಾ ಕೋಣೆಯಲ್ಲೇ ಬಿಟ್ಟುಬಂದಿದ್ದೆ.

ನಮ್ಮ ಎಂಜಿನ್ನಿನ ಸೈಲೆನ್ಸರಿನ ಬಿಸಿ ಕಣ್ಣೆದುರೇ ವ್ಯರ್ಥವಾಗಿ ಮಳೆಗೆ ಹೋಗುತ್ತಿತ್ತು. ಖಾಲಿಯಾದ ಶೇಂಗಾ ಎಣ್ಣೆಯ ಡಬ್ಬವನ್ನು ಸಾಹೇಬರು ಕತ್ತರಿಸಿ ಸೈಲೆನ್ಸರ್ ಪೈಪಿನ ಸುತ್ತ ತೊಡಿಸಿದರು. ನಡುವೆ ಗಾಳಿಯಾಡಲು ಬೆರಳಗಲ ಸಂದು. ಡಬ್ಬದಿಂದ ಕಾರ್ಬುರೇಟರಿನ ಬಾಯಿಗೆ ಒಯ್ಯಲು ಕೊಳವೆ ಬೇಕಾಯಿತು. ಮಾವ ಅಟ್ಟದಿಂದ ಹಳೆಯ ಕಾಫಿ ಬಾಯ್ಲರಿನ ತಗಡಿನ ಹೊಗೆಕೊಳವೆ ಇಳಿಸಿದರು. ಮೇಲ್ವಿಚಾರಣೆ ನನ್ನದು. ತಂಪು ಗಾಳಿ ಒಂದು ಎಳೆಯೂ ನುಸುಳಬಾರದೆಂದು ಎಲ್ಲ ಸಂದುಗಳಿಗೂ ಕಣಕದ ಹಿಟ್ಟು ಮೆತ್ತಿಸಿದೆ.

ಎಂಜಿನ್ ಎದ್ದಿತು. ಡಬ್ಬ ಕಾದಂತೆ ಅದರ ತಳದಲ್ಲಿ ಉಳಿದಿದ್ದ ಎಣ್ಣೆ ಹೊಗೆಯಾಡಿ, ಪ್ಯಾಸೇಜಿನ ತುಂಬ ಉದ್ದಿನವಡೆ ಕರಿಯುವ ಪರಿಮಳ ಹಬ್ಬಿತು. ಹೋಟೆಲಿನ ಮುಂದಿನ ಹಾಲ್‌ನಲ್ಲಿ ಯಾರೋ ವಡೆ ಆರ್ಡರ್ ಮಾಡಿದರು. ಮಂಜು ಬರಲಿಲ್ಲ. ಆದರೆ ಎಂಜಿನ್ ಮಂಕಾಯಿತು. ಸತ್ತೂ ಸಾಯದೆ, ಏದುಸಿರು ಬಿಡುತ್ತ, ಕಲ್ಲನ್ನು ಎಳೆಯಲಾರದೆ ಎಳೆಯಿತು.

"ಬಿಸಿ ಜ್ಯಾದಾ ಆಯ್ತು" ಎಂದರು ಉಪನ್ಯಾಸಕರು. "ಬಿಸಿಗಾಳಿ ಪತ್ಲಾ ಇರ್ತದೆ, ತೆಳ್ಳಗೆ. ದಮ್ ಇರಲ್ಲ. ಆಧಾ ತಂಪು ಬಿಡಿ."

ಬಿಸಿ ವಿಪರೀತವಾದರೆ ಕೆಲಸ ಕೆಡುತ್ತದೆ ಎಂಬ ಮಾತು ಕೇಳಿದ ಮೇಲೆ, ಅಲ್ಲಿದ್ದ ಪ್ರತಿಯೊಬ್ಬರೂ ನನ್ನ ಕಡೆ ನೋಡದಿರಲು ಬಹಳ ಶ್ರಮಪಟ್ಟರು. ಸಾಹೇಬರಂತೂ ಕೆಮ್ಮು ನಟಿಸಬೇಕಾಯಿತು. ನಾನೇ ಹೋಗಿ, ಮೆತ್ತಿಸಿದ ಕಣಕದಲ್ಲಿ ಅರ್ಧದಷ್ಟನ್ನು ಕಿತ್ತೆ.

ಸದ್ದು ದುಂಡಗಾಯಿತು. ಬೆಲ್ಟ್ ಬಿಗಿಯಿತು. ಕಲ್ಲು ತನ್ನ ಹಳೆಯ ಗತ್ತಿಗೆ ಬಂತು. ಹಿಟ್ಟು ಅರ್ಧ ದಾಟಿತು. ಆ ಅರ್ಧದಾಚೆಯ ಪ್ರತಿ ಸುತ್ತನ್ನೂ ಮಾವ ಕಣ್ಣಿನಿಂದಲೇ ತಳ್ಳುತ್ತಿದ್ದರು. ನೊರೆ ಎದ್ದಿತು, ಉಬ್ಬಿತು, ಕಲ್ಲಿನ ಅಂಚಿಗೆ ಏರಿತು. ಮಾವ ಒಂದು ಚಿಟಿಕೆ ಹಿಟ್ಟು ತೆಗೆದು ನೀರಿನ ಬಟ್ಟಲಿಗೆ ಬಿಟ್ಟರು. ಅದು ತೇಲಿತು. ಆಗ ಅವರೇ ಕೈ ಎತ್ತಿ, "ಸಾಕು, ನಿಲ್ಸಿ" ಎಂದರು. ಎಂಜಿನ್ ತಾನಾಗಿ ನಿಲ್ಲದೆ, ಹೇಳಿದ ಮೇಲೆ ನಿಂತದ್ದು ಆ ಮಳೆಗಾಲದಲ್ಲಿ ಅದೇ ಮೊದಲು.

ಮಾವ ಬೈರಾಸು ತೆಗೆದು ಕಾರ್ಬುರೇಟರಿನ ಕತ್ತು ಒರೆಸಿದರು, ಬಟ್ಟೆಯನ್ನು ಬಿಡಿಸಿ ನನಗೆ ತೋರಿಸಿದರು. ಒಂದು ಕರಿಯ ಗೀಟು, ಅಷ್ಟೇ.

ಹೊರಡುವಾಗ ಉಪನ್ಯಾಸಕರು, ಎಂಜಿನ್ನಿನ ಜೊತೆ ಡಬ್ಬವೂ ಬರಲಿ, ವಿದ್ಯಾರ್ಥಿಗಳಿಗೆ ತೋರಿಸಲು ಅದೇ ಮುಖ್ಯ ಎಂದರು. ಹಾಲ್ ಚೆನ್ನಾಗಿದೆ, ಪೂರ್ತಿ ಎಸಿ ಎಂದೂ ಹೇಳಿದರು.

ಮಾವನ ಮುಖ ಇಳಿದುಹೋಯಿತು. "ಎಸಿಯಾ?"

ಟೆಂಪೋ ಬಂದು ಎಂಜಿನ್ ಒಯ್ದ ದಿನ, ಸಾಹೇಬರೊಡನೆ ಸೇರಿ ಮಾವ ಆ ಡಬ್ಬವನ್ನು ಹೊಸ ತಂತಿಯಿಂದ ಎಷ್ಟು ಬಿಗಿದರೆಂದರೆ, ಅದನ್ನು ಬಿಚ್ಚಬೇಕಾದರೆ ಎಂಜಿನ್ನನ್ನೇ ಬಿಚ್ಚಬೇಕು. ಆದರೂ ಅವರಿಗೆ ಸಮಾಧಾನವಿಲ್ಲ. ದಹಿಸರ್‌ನ ಅಂಗಡಿ ತೆರೆದ ಮೇಲೂ, ಇಬ್ಬರೇ ನಿಲ್ಲಬಹುದಾದ ಆ ಜಾಗದಲ್ಲಿ ಮೂರನೆಯವರಾಗಿ ಸಾಹೇಬರು ಬಂದು ನಿಂತು ಚಟ್ನಿಯನ್ನು ಹಳಿಯುತ್ತಿದ್ದಾಗಲೂ, ನಾನು ಹೋದರೆ ಮಾವ ಮೊದಲು ಕೇಳುತ್ತಿದ್ದದ್ದು ಒಂದೇ: "ಅಲ್ಲಿ ಡಬ್ಬ ತೆಗ್ದಿಲ್ಲ ಅಲ್ವಾ? ಒಂದು ಬರೆದು ಹಾಕು ನೀನು. ಗಟ್ಟಿಯಾಗಿ ಬರಿ." ನನ್ನ ಗಟ್ಟಿ ಬರವಣಿಗೆಯನ್ನು ಕುಟುಂಬದಲ್ಲಿ ಯಾರಾದರೂ ಬೇಡಿದ್ದು ಅದೇ ಮೊದಲು. ನಾನು ಬರೆದೆ. ಡಬ್ಬಕ್ಕೆ ಏನಾದರೂ ಆದರೆ ಉತ್ತರಿಸುವವರು ಯಾರೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಳಿದೆ.

ಉತ್ತರ ಒಂದು ವಾಯ್ಸ್ ಮೆಸೇಜಾಗಿ ಬಂತು. ನಾನು ಅಂಗಡಿಯಲ್ಲೇ ಇದ್ದೆ. ಫೋನನ್ನು ಮಾವನ ಕಿವಿಗೆ ಹಿಡಿದೆ. ಮೊದಲು ಬಹಳ ಹೊತ್ತು ಎಂಜಿನ್ನಿನ ಸದ್ದು, ದುಂಡಗೆ, ನಿಲ್ಲದೆ. ಕೈಯಲ್ಲಿದ್ದ ಸೌಟನ್ನು ಮಾವ ಕೆಳಗಿಟ್ಟರು. ಸದ್ದಿನ ನಡುವೆ ಉಪನ್ಯಾಸಕರ ದನಿ, ಒಂದೊಂದೇ ಪದ ಹುಡುಕಿ ಜೋಡಿಸುತ್ತ, ಎಲ್ಲೋ ದೂರದಿಂದ ಕೂಗಿದಂತೆ ಕೇಳಿತು:

"ಅಂಕಲ್, ಎಸಿ ಬಂದ್ ಮಾಡಿದ್ದೇನೆ. ಡಬ್ಬಾ ಇದೆ. ನಾನೇ ನೋಡಿದೆ, ಬೆರಳು ಹಾಕಿ ನೋಡಿದೆ. ಹಿಟ್ಟು ಇಲ್ಲ."